1998ರ ಓಮ್ನಿ: 14 ತಿಂಗಳಲ್ಲಿ ಎರಡು ಬ್ಯಾಟರಿ ಹೋದವು, ಬೆಳಿಗ್ಗೆ ಈಗಲೂ ಬರೀ ‘ಟಕ್’

ಕೋಣಂದೂರು ಓಮ್ನಿ (ಭಾನುವಾರ, ರಾತ್ರಿ 8:40)

ಹಳೇ ಗಾಡಿಯೊಂದಿಗೆ ಸಂಸಾರ ಮಾಡುವವರು ಇಲ್ಲಿ ಬಹಳ ಮಂದಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮದು 1998ರ ಓಮ್ನಿ, ಕಾರ್ಬ್ಯುರೇಟರ್ ಎಂಜಿನ್. 2013, 2018, 2023 ಹೀಗೆ ಮೂರು ಸಲ ಆರ್‌ಸಿ ನವೀಕರಣವಾಗಿದೆ. ಅಪ್ಪ ಕೊಂಡ ಗಾಡಿ, ಆದ್ದರಿಂದ ಮಾರುವ ಮಾತನ್ನು ಮನೆಯಲ್ಲಿ ಎತ್ತುವಂತಿಲ್ಲ. ಅಡಿಕೆ ಮೂಟೆ, ಗೊಬ್ಬರ, ಮದುವೆಗೆ ಹೊರಟ ಅತ್ತೆಯಂದಿರು, ಎಲ್ಲರಿಗೂ ಅದೇ ಗತಿ.

ಕಳೆದ ವರ್ಷ ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಕೀಲಿ ತಿರುಗಿಸಿದರೆ ‘ಟಕ್’ ಎಂದು ಒಂದು ಸದ್ದು, ಅಷ್ಟೇ. ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿಸಿದೆ. ಆರು ತಿಂಗಳಿಗೆ ಅದೂ ಮಲಗಿತು. ಇನ್ನೊಂದು ಹಾಕಿಸಿದೆ. ಪೇಟೆಯ ಒಂದು ಅಂಗಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬಿಚ್ಚಿಸಿ ಕಾರ್ಬನ್, ಬೇರಿಂಗ್, ಡಯೋಡ್ ಎಲ್ಲ ಬದಲಾಯಿಸಿದ್ದಾಯಿತು. ಅವರ ಮೇಜಿನ ಮೇಲೆ 14.2 ವೋಲ್ಟ್ ತೋರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಗಾಡಿಗೆ ಹಾಕಿದ ಮೇಲೆ ಮತ್ತದೇ ರಾಗ. ಚಾರ್ಜ್ ದೀಪ ಕೀಲಿ ಹಾಕಿದಾಗ ಉರಿಯುತ್ತದೆ, ಎಂಜಿನ್ ಶುರುವಾದರೆ ಆರುತ್ತದೆ. ಅಂದರೆ ಚಾರ್ಜ್ ಆಗುತ್ತಿದೆ ಎಂದೇ ಅಲ್ಲವೇ?

ರಾತ್ರಿ ಮಳೆಯಲ್ಲಿ ಹೆಡ್‌ಲೈಟು, ವೈಪರ್ ಎರಡೂ ಹಾಕಿದರೆ ವೈಪರ್ ಮುದುಕರ ಹಾಗೆ ನಡೆಯುತ್ತದೆ. ಬಿಸಿಲು ಬಿದ್ದ ದಿನ ಮಧ್ಯಾಹ್ನ ಒಮ್ಮೊಮ್ಮೆ ಒಂದೇ ಏಟಿಗೆ ಶುರುವಾಗುವುದೂ ಉಂಟು. ಪಕ್ಕದ ಮನೆಯವರ ಜೀಪಿನ ಬ್ಯಾಟರಿಯಿಂದ ಜಂಪರ್ ವೈರು ಹಾಕಿದರೆ ಒಂದು ದಿನ ಶುರುವಾಗುತ್ತದೆ, ಇನ್ನೊಂದು ದಿನ ಇಲ್ಲ. ಈಗ ಅಂಗಳದ ಇಳಿಜಾರಿನಲ್ಲೇ ನಿಲ್ಲಿಸುತ್ತೇನೆ, ಬೆಳಿಗ್ಗೆ ಚಕ್ರದ ಕೆಳಗಿನ ಕಲ್ಲು ತೆಗೆಯುವುದು ಮಗಳ ಕೆಲಸ.

ಇದಕ್ಕೆ ಸಂಬಂಧವಿಲ್ಲ, ಆದರೂ ಹೇಳುತ್ತೇನೆ: ಇದೇ ಅವಧಿಯಲ್ಲಿ ಆಕ್ಸಿಲರೇಟರ್ ಕೇಬಲ್ ಎರಡು ಸಲ ಬಿಗಿಯಾಗಿ ಬದಲಾಯಿಸಿದ್ದೇನೆ. ಗಾಡಿಗೆ ಗ್ರಹಚಾರ ಹಿಡಿದಿದೆ ಎಂದು ಅಮ್ಮ.

ಗಾಜನೂರು ಗೇರ್

ಒಳ್ಳೆಯ ಕಂಪನಿಯ ಬ್ಯಾಟರಿ ಹಾಕಿಸಿ. ಮುಗಿಯಿತು.

ಕೋಣಂದೂರು ಓಮ್ನಿ

ಸರ್, ಎರಡೂ ಒಳ್ಳೆಯ ಕಂಪನಿಯವೇ. ಬಿಲ್ಲು ಇಟ್ಟುಕೊಂಡಿದ್ದೇನೆ, ಬೇಕಾದರೆ ಮೊತ್ತ ಹೇಳಿ ನಿಮಗೂ ಹೊಟ್ಟೆ ಉರಿಸಬಲ್ಲೆ.

ಮಳೆನಾಡಿಗ

ರಾತ್ರಿಯೆಲ್ಲಾ ಏನೋ ಒಂದು ಕರೆಂಟು ಕುಡಿಯುತ್ತಿದೆ. ಹೊರಗಿನಿಂದ ಹಾಕಿಸಿದ ಸ್ಟೀರಿಯೋ ಇದೆಯೇ? ನನ್ನ ಗಾಡಿಯಲ್ಲಿ ಅದೇ ಕಳ್ಳ. ವೈರನ್ನು ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದರು, ಕೀಲಿ ತೆಗೆದರೂ ಒಳಗೆ ಜೀವ ಇರುತ್ತಿತ್ತು.

ಹಳೇ ಮೆಟಡೋರ್

ಇಳಿಜಾರಿನಲ್ಲಿ ನಿಲ್ಲಿಸುವುದನ್ನು ಓದಿ ಹಳೆಯದೆಲ್ಲ ನೆನಪಾಯಿತು. ನಾನು ಮೆಟಡೋರ್ ಓಡಿಸುತ್ತಿದ್ದ ಕಾಲದಲ್ಲಿ ತೀರ್ಥಹಳ್ಳಿಯಲ್ಲಿ ಒಮ್ಮೆ ಶುರು ಮಾಡಿದರೆ ಉಡುಪಿ ಮುಟ್ಟುವವರೆಗೆ ನಿಲ್ಲಿಸುತ್ತಿರಲಿಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನೂ ಸತ್ತ ಬ್ಯಾಟರಿಯಲ್ಲಿ ಇಳಿದಿದ್ದೇನೆ. ಆ ಡೀಸೆಲ್ ಎಂಜಿನ್ ಒಮ್ಮೆ ಹೊತ್ತಿಕೊಂಡರೆ ಕರೆಂಟಿನ ಹಂಗೇ ಇಲ್ಲ. ಪೆಟ್ರೋಲ್ ಗಾಡಿಗೆ ಹಾಗಲ್ಲ, ಪ್ಲಗ್ಗಿಗೆ ಕಿಡಿ ಬೇಕು. ಆದ್ದರಿಂದ ಬ್ಯಾಟರಿ ಪೂರ್ತಿ ಇಳಿದರೆ ತಳ್ಳಿದರೂ ಏಳುವುದಿಲ್ಲ, ಜೋಪಾನ.

ನಿಮ್ಮ ಡೈನಮೋದ ಬೆಲ್ಟ್ ನೋಡಿದಿರಾ? ಬೆಳಿಗ್ಗೆ ತಂಪಿನಲ್ಲಿ ಕೀಚು ಕೀಚು ಎನ್ನುತ್ತದೆಯೇ? ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಒಂದು ಸೆಂಟಿಮೀಟರ್ ತಗ್ಗಬೇಕು. ಅದಕ್ಕಿಂತ ಜಾಸ್ತಿ ತಗ್ಗಿದರೆ ಸಡಿಲ. ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ, ಬದಲಾಯಿಸಿ.

ನಿವೃತ್ತ ಮೇಷ್ಟರು

ದಯವಿಟ್ಟು ಡೈನಮೋ ಎನ್ನಬೇಡಿ. ಡೈನಮೋ ಕಮ್ಯುಟೇಟರ್ ಮೂಲಕ ನೇರ ವಿದ್ಯುತ್ತನ್ನು ಕೊಡುವ ಯಂತ್ರ. ಓಮ್ನಿಯಲ್ಲಿರುವುದು ಆಲ್ಟರ್ನೇಟರ್. ಅದು ಹುಟ್ಟಿಸುವುದು ಪರ್ಯಾಯ ವಿದ್ಯುತ್ತನ್ನು, ಒಳಗಿನ ಡಯೋಡ್‌ಗಳು ಅದನ್ನು ನೇರ ಮಾಡುತ್ತವೆ. 30 ವರ್ಷ ಭೌತಶಾಸ್ತ್ರ ಕಲಿಸಿದವನಿಗೆ ಈ ಪದ ಕಿವಿಗೆ ಚುಚ್ಚುತ್ತದೆ.

ಹಳೇ ಮೆಟಡೋರ್

ಮೇಷ್ಟ್ರೇ, ನಮ್ಮ ಕಡೆ ಗ್ಯಾರೇಜಿನಲ್ಲಿ ಆಲ್ಟರ್ನೇಟರ್ ಬಿಚ್ಚಿ ಎಂದರೆ ಹುಡುಗ ನನ್ನ ಮುಖ ನೋಡುತ್ತಾನೆ. ಡೈನಮೋ ಎಂದರೆ ಸ್ಪ್ಯಾನರ್ ಹಿಡಿಯುತ್ತಾನೆ. ನಮಗೆ ಕೆಲಸ ಆಗಬೇಕು.

ಸಾಗರದ ಸ್ಪ್ಯಾನರ್

ಇಬ್ಬರೂ ಸ್ವಲ್ಪ ತಡೆಯಿರಿ. ಕೋಣಂದೂರಿನವರೇ, ಇಷ್ಟೆಲ್ಲಾ ಖರ್ಚು ಮಾಡಿದ್ದೀರಿ, ಗಾಡಿಯ ಮೇಲೆ ಯಾರಾದರೂ ಮೀಟರ್ ಹಿಡಿದರೇ? ಮೇಜಿನ ಮೇಲಲ್ಲ, ಗಾಡಿಯ ಮೇಲೆ. ಡಿಜಿಟಲ್ ಮಲ್ಟಿಮೀಟರ್ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಅಗ್ಗಕ್ಕೇ ಸಿಗುತ್ತದೆ. ನೇರ ವೋಲ್ಟೇಜಿನ 20ರ ಮನೆಗೆ ತಿರುಗಿಸಿ.

ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಕೀಲಿ ಹಾಕುವ ಮೊದಲೇ ಅಳೆಯಿರಿ. 12.6 ಇದ್ದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಎಂದರೆ ಹೊಟ್ಟೆ ಖಾಲಿ. ಆಮೇಲೆ ಎಂಜಿನ್ ಓಡುತ್ತಿರುವಾಗ ಅದೇ ಬ್ಯಾಟರಿಯಲ್ಲಿ 13.8ರಿಂದ 14.5ರ ಒಳಗೆ ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ. 13ರ ಆಸುಪಾಸಿನಲ್ಲೇ ಕುಂಟುತ್ತಿದ್ದರೆ ಸೀಟು ಎತ್ತಿ ಡೈನಮೋ ಹತ್ತಿರ ಹೋಗಿ.

ನಿಜವಾದ ಪರೀಕ್ಷೆ ಅಲ್ಲಿದೆ. ಎಂಜಿನ್ ಓಡುತ್ತಿರಲಿ. ಡೈನಮೋ ಹಿಂದಿನ ದಪ್ಪ ವೈರಿನ ಬೋಲ್ಟಿಗೆ ಕೆಂಪು ಕಡ್ಡಿ, ಡೈನಮೋ ಮೈಗೆ ಕಪ್ಪು ಕಡ್ಡಿ. ಅದು ಹುಟ್ಟಿಸುತ್ತಿರುವುದೆಷ್ಟು ಎಂದು ಗೊತ್ತಾಗುತ್ತದೆ. ಆಮೇಲೆ ಅದೇ ದಪ್ಪ ಬೋಲ್ಟಿನಿಂದ ಬ್ಯಾಟರಿಯ ಪ್ಲಸ್ಸಿಗೆ ಅಳೆಯಿರಿ. ಕೊನೆಗೆ ಡೈನಮೋ ಮೈಯಿಂದ ಬ್ಯಾಟರಿಯ ಮೈನಸ್ಸಿಗೆ. ಈ ಕೊನೆಯ ಎರಡು ಅಳತೆಗಳು ಸೊನ್ನೆಯ ಹತ್ತಿರ ಇರಬೇಕು, 0.2ರ ಒಳಗೆ. ಹೆಚ್ಚಿದ್ದರೆ ಹುಟ್ಟಿದ ಕರೆಂಟು ದಾರಿಯಲ್ಲೇ ಸೋರಿಹೋಗುತ್ತಿದೆ. ಫ್ಯಾನ್, ಬೆಲ್ಟ್ ಇರುವ ಕಡೆ ಅಂಗಿಯ ತೋಳು, ಮೀಟರಿನ ವೈರು ಜಾಗ್ರತೆ.

ಹುಲಿಕಲ್ ತಿರುವು

ಇಷ್ಟೆಲ್ಲಾ ಯಾಕೆ? ಎಂಜಿನ್ ಓಡುವಾಗ ಬ್ಯಾಟರಿಯ ಒಂದು ಟರ್ಮಿನಲ್ ಕಿತ್ತು ನೋಡಿ. ಎಂಜಿನ್ ನಿಂತರೆ ಡೈನಮೋ ಸತ್ತಿದೆ, ನಿಲ್ಲದಿದ್ದರೆ ಬದುಕಿದೆ. ನಮ್ಮ ತಂದೆಯವರು ಹೀಗೇ ನೋಡುತ್ತಿದ್ದರು.

ಸಾಗರದ ಸ್ಪ್ಯಾನರ್

ದಯವಿಟ್ಟು ಯಾರೂ ಇದನ್ನು ಮಾಡಬೇಡಿ! ನಿಮ್ಮ ತಂದೆಯವರ ಕಾಲದ ಡೈನಮೋ ಬೇರೆ. ಓಡುವ ಆಲ್ಟರ್ನೇಟರಿನಿಂದ ಬ್ಯಾಟರಿ ಕಿತ್ತರೆ ವೋಲ್ಟೇಜು ಒಮ್ಮೆಲೇ ಎಲ್ಲಿಗೋ ಹಾರುತ್ತದೆ. ಡಯೋಡ್, ರೆಗ್ಯುಲೇಟರ್, ಸ್ಟೀರಿಯೋ, ಯಾವುದು ಸುಡುತ್ತದೆ ಎಂದು ಹೇಳಲಾಗದು. ಚೆನ್ನಾಗಿದ್ದದ್ದನ್ನು ಪರೀಕ್ಷೆ ಮಾಡುತ್ತಲೇ ಕೊಂದ ಹಾಗಾಗುತ್ತದೆ.

ನಿವೃತ್ತ ಮೇಷ್ಟರು

ನೋಡಿ, ಇಲ್ಲಿಗೆ ಬಂತು. ಡೈನಮೋ ಬೇರೆ, ಆಲ್ಟರ್ನೇಟರ್ ಬೇರೆ ಎಂದು ನಾನು ಬಡಿದುಕೊಂಡದ್ದು ಇದಕ್ಕೇ. ಹೆಸರು ಒಂದೇ ಆದರೆ ಉಪಚಾರವೂ ಒಂದೇ ಎಂದುಕೊಳ್ಳುತ್ತಾರೆ.

ಹಳೇ ಮೆಟಡೋರ್

ಈ ಒಂದಕ್ಕೆ ಮೇಷ್ಟರಿಗೆ ಪೂರ್ತಿ ಅಂಕ.

ಬ್ಯಾಟರಿ ಅಂಗಡಿ

ನಾನು ವ್ಯಾಪಾರಿ, ನನ್ನ ಮಾತನ್ನು ಅನುಮಾನದಿಂದಲೇ ಓದುತ್ತೀರಿ, ಇರಲಿ. ತಿಂಗಳಿಗೆ ನಾಲ್ಕೈದು ಜನ ‘ನೀವು ಕೊಟ್ಟ ಬ್ಯಾಟರಿ ಕಳಪೆ’ ಎಂದು ಜಗಳಕ್ಕೆ ಬರುತ್ತಾರೆ. ಅರ್ಧದಷ್ಟು ಪ್ರಕರಣಗಳಲ್ಲಿ ಬ್ಯಾಟರಿಗೆ ಊಟವೇ ಸಿಕ್ಕಿರುವುದಿಲ್ಲ. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ. ಮೊದಲ ಬ್ಯಾಟರಿ ಹಾಗೆಯೇ ಸತ್ತಿರಬೇಕು. ಮಲೆನಾಡಿನಲ್ಲಿ ಮನೆಯಿಂದ ಡೇರಿಗೆ ಎರಡು ಕಿಲೋಮೀಟರ್, ಡೇರಿಯಿಂದ ಮನೆಗೆ ಎರಡು ಕಿಲೋಮೀಟರ್ ಓಡಿಸುವವರ ಗಾಡಿಗೆ ಇದು ಇನ್ನೂ ಬೇಗ.

ಗಾಜನೂರು ಗೇರ್

ಉಳಿದ ಅರ್ಧದಷ್ಟು ಪ್ರಕರಣಗಳಲ್ಲಿ?

ಬ್ಯಾಟರಿ ಅಂಗಡಿ

ಬದಲಾಯಿಸಿ ಕೊಡುತ್ತೇನೆ ಸ್ವಾಮಿ. ನಿಮಗೂ ಕೊಟ್ಟಿದ್ದೇನೆ ಎಂದು ನೆನಪು.

ವ್ಯಾನ್ ಅಕ್ಕ (ಸೋಮವಾರ, ಬೆಳಿಗ್ಗೆ 6:15)

ನಾನು ಕೊಪ್ಪದಿಂದ ಹಪ್ಪಳ, ಉಪ್ಪಿನಕಾಯಿ ತುಂಬಿಕೊಂಡು 17 ವರ್ಷದಿಂದ ಓಮ್ನಿ ಓಡಿಸುತ್ತಿದ್ದೇನೆ. ಮೆಕ್ಯಾನಿಕ್ ಅಲ್ಲ, ಆದರೆ ಗಾಡಿ ಕೈಕೊಟ್ಟ ದಿನ ನನ್ನ ಅಂಗಡಿಗಳಿಗೆ ಸರಕು ಹೋಗುವುದಿಲ್ಲವಾದ್ದರಿಂದ ಕಲಿಯದೆ ಬೇರೆ ದಾರಿ ಇರಲಿಲ್ಲ.

ತಮ್ಮಾ, ನೀನು ‘ಇದಕ್ಕೆ ಸಂಬಂಧವಿಲ್ಲ’ ಎಂದು ಕೊನೆಯಲ್ಲಿ ಬರೆದಿದ್ದೀಯಲ್ಲ, ನನಗೆ ಅದೇ ಮುಖ್ಯವಾಗಿ ಕಾಣುತ್ತಿದೆ. ಎರಡು ಪ್ರಶ್ನೆ ಕೇಳುತ್ತೇನೆ.

ಒಂದು, ಬದಲಾಯಿಸಿದ ಆಕ್ಸಿಲರೇಟರ್ ಕೇಬಲ್ ಇನ್ನೂ ಮನೆಯಲ್ಲಿದೆಯೇ? ಇದ್ದರೆ ಅದರ ಹೊರಕವಚ ಕತ್ತರಿಸಿ ನೋಡು. ಒಳಗಿನ ತಂತಿ ತುಕ್ಕು ಹಿಡಿದು ಕೆಟ್ಟಿದೆಯೋ, ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿದೆಯೋ?

ಎರಡು, ಜಂಪರ್ ಹಾಕುವಾಗ ಕಪ್ಪು ಕ್ಲಿಪ್ಪನ್ನು ಎಲ್ಲಿಗೆ ಕಚ್ಚಿಸುತ್ತೀರಿ? ಬ್ಯಾಟರಿಯ ಮೈನಸ್ಸಿಗೋ, ಎಂಜಿನ್ ಮೈಗೋ? ಶುರುವಾದ ದಿನ ಎಲ್ಲಿತ್ತು, ಆಗದ ದಿನ ಎಲ್ಲಿತ್ತು?

ಉತ್ತರ ಹೇಳು, ಆಮೇಲೆ ಮಾತಾಡೋಣ. ಈಗ ಶೃಂಗೇರಿಗೆ ಹೊರಟಿದ್ದೇನೆ.

ಮಳೆನಾಡಿಗ

ಆಕ್ಸಿಲರೇಟರ್ ಕೇಬಲ್‌ಗೂ ಬ್ಯಾಟರಿಗೂ ಏನು ನಂಟು ಅಕ್ಕ? ನಾನು ಇನ್ನೂ ಸ್ಟೀರಿಯೋ ಪಕ್ಷದಲ್ಲೇ ಇದ್ದೇನೆ.

ಸಾಗರದ ಸ್ಪ್ಯಾನರ್

ಅಯ್ಯೋ, ಕೇಬಲ್ ವಿಷಯ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅಕ್ಕ ಹೇಳುತ್ತಿರುವುದು ಅರ್ಥವಾಯಿತು. ನಾನು ಬಾಯಿ ಬಿಡುವುದಿಲ್ಲ, ಅವರು ಮೊದಲು ಅಳೆಯಲಿ.

ಕೋಣಂದೂರು ಓಮ್ನಿ (ಸೋಮವಾರ, ರಾತ್ರಿ 9:05)

ಇವತ್ತು ತೀರ್ಥಹಳ್ಳಿಗೆ ಹೋಗಿ ಮೀಟರ್ ತಂದೆ. ಮಗಳು ಟಾರ್ಚ್ ಹಿಡಿದಳು, ನಾನು ಅಳೆದೆ, ಅವಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹಾಗೆಯೇ ಇಳಿಸುತ್ತಿದ್ದೇನೆ.

ಗಾಡಿ ನಿಂತಾಗ ಬ್ಯಾಟರಿ 12.1.
ಎಂಜಿನ್ ಓಡುವಾಗ ಬ್ಯಾಟರಿ 12.8.
ಡೈನಮೋ ದಪ್ಪ ಬೋಲ್ಟಿನಿಂದ ಅದರ ಮೈಗೆ 14.4!
ದಪ್ಪ ಬೋಲ್ಟಿನಿಂದ ಬ್ಯಾಟರಿ ಪ್ಲಸ್ಸಿಗೆ 0.1.
ಡೈನಮೋ ಮೈಯಿಂದ ಬ್ಯಾಟರಿ ಮೈನಸ್ಸಿಗೆ 1.5.

ಹೆಡ್‌ಲೈಟು, ವೈಪರ್ ಹಾಕಿದಾಗ ಬ್ಯಾಟರಿ 12.2ಕ್ಕೆ ಇಳಿಯಿತು, ಕೊನೆಯದು 1.9ಕ್ಕೆ ಏರಿತು.

ಮಳೆನಾಡಿಗರಿಗೆ: ಕೀಲಿ ತೆಗೆದು ಮೀಟರನ್ನು ಆಂಪಿಯರ್ ಮನೆಗೆ ಹಾಕಿ ಮೈನಸ್ ವೈರಿನ ನಡುವೆ ಇಟ್ಟು ನೋಡಿದೆ. 20 ಮಿಲಿಆಂಪಿಯರ್.

ಅಕ್ಕನಿಗೆ: ಹಳೇ ಕೇಬಲ್ ಕೊಟ್ಟಿಗೆಯಲ್ಲಿ ಬಟ್ಟೆ ಒಣಹಾಕುವ ತಂತಿಯಾಗಿದೆ. ಒಂದು ತುದಿ ಕತ್ತರಿಸಿ ನೋಡಿದೆ. ಒಳಗಿನ ಪ್ಲಾಸ್ಟಿಕ್ ಕರಗಿ ಹೋಳಿಗೆ ಹೂರಣದ ಹಾಗೆ ತಂತಿಗೆ ಅಂಟಿಕೊಂಡಿದೆ. ಜಂಪರ್ ವಿಷಯ ಪಕ್ಕದ ಮನೆಯವರನ್ನೇ ಕೇಳಿದೆ. ಅವರು ಹಾಕಿದರೆ ಕಪ್ಪು ಕ್ಲಿಪ್ ಎಂಜಿನ್‌ಗೆ, ನಾನು ಹಾಕಿದರೆ ಬ್ಯಾಟರಿಗೆ. ಶುರುವಾದದ್ದು ಅವರು ಹಾಕಿದ ದಿನಗಳಲ್ಲಿ. ಇಷ್ಟು ದಿನ ಅವರ ಕೈಗುಣ ಎಂದುಕೊಂಡಿದ್ದೆವು.

ನಿವೃತ್ತ ಮೇಷ್ಟರು

12.8, 0.1, 1.5 ಕೂಡಿಸಿ. 14.4. ಲೆಕ್ಕ ಸರಿಯಾಗಿ ಕೂಡಿತು! ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ಅಳತೆ ಪ್ರಾಮಾಣಿಕವಾಗಿದ್ದರೆ ಹೀಗೇ ಕೂಡುತ್ತದೆ.

ಸ್ಟೀರಿಯೋ ಪಕ್ಷದವರಿಗೂ ಒಂದು ಲೆಕ್ಕ. ಬ್ಯಾಟರಿ 35 ಆಂಪಿಯರ್ ಅವರ್ ಎಂದಿಟ್ಟುಕೊಳ್ಳಿ. 20 ಮಿಲಿಆಂಪಿಯರ್ ಎಂದರೆ 0.02 ಆಂಪಿಯರ್. 35ನ್ನು ಅದರಿಂದ ಭಾಗಿಸಿದರೆ 1750 ಗಂಟೆ, ಅಂದರೆ 70 ದಿನಗಳ ಮೇಲೆ. ಒಂದು ರಾತ್ರಿಗೆ ಏನೂ ಅಲ್ಲ.

ಮಳೆನಾಡಿಗ

ಸ್ಟೀರಿಯೋ ಪಕ್ಷ ಠೇವಣಿ ಕಳೆದುಕೊಂಡಿತು. ಒಪ್ಪಿದೆ.

ಸಾಗರದ ಸ್ಪ್ಯಾನರ್

ಡೈನಮೋ ತನ್ನ ಕೆಲಸ ತಾನು ಮಾಡುತ್ತಿದೆ, 14.4 ಹುಟ್ಟಿಸುತ್ತಿದೆ. ಅದು ಕೂತಿರುವುದು ಎಂಜಿನ್ ಮೇಲೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಆದ್ದರಿಂದ ಎಂಜಿನ್ ಅಥವಾ ಗೇರ್‌ಬಾಕ್ಸಿನಿಂದ, ಬ್ಯಾಟರಿಯ ಮೈನಸ್ ಸೇರಿರುವ ಬಾಡಿಗೆ, ಕರೆಂಟು ಮರಳುವ ದಾರಿಯಾಗಿ ಒಂದು ಅರ್ತ್ ಪಟ್ಟಿ ಇರುತ್ತದೆ. ನಿಮ್ಮಲ್ಲಿ ಅದು ಕೆಟ್ಟಿದೆ. ಲೈಟು, ಹಾರ್ನ್ ಎಲ್ಲ ಬಾಡಿಯಿಂದಲೇ ಅರ್ತ್ ತೆಗೆದುಕೊಳ್ಳುತ್ತವೆ, ಹಾಗಾಗಿ ಅವು ಸರಿಯಾಗಿ ಕಂಡವು. ಮೇಜಿನ ಮೇಲೆ 14.2 ಬಂದದ್ದು ಯಾಕೆಂದರೆ ಅಲ್ಲಿ ಅರ್ತ್ ಅವರ ಕ್ಲಿಪ್ಪು, ನಿಮ್ಮ ಪಟ್ಟಿಯಲ್ಲ.

ಸ್ಟಾರ್ಟರಿಗೂ ಅದೇ ದಾರಿ. ಚಾರ್ಜಿಂಗಿಗೆ ಹತ್ತಿಪ್ಪತ್ತು ಆಂಪಿಯರ್ ಸಾಕು, ಸ್ಟಾರ್ಟರ್ ಕೇಳುವುದು ನೂರರ ಲೆಕ್ಕದಲ್ಲಿ. ದಾರಿ ಮುಚ್ಚಿದ್ದರೆ ಆ ಕರೆಂಟು ಒಳದಾರಿ ಹುಡುಕುತ್ತದೆ. ಎಂಜಿನ್‌ನಿಂದ ಬಾಡಿಗೆ ಇನ್ನೇನಿದೆ ಲೋಹದ್ದು? ಆಕ್ಸಿಲರೇಟರ್ ಕೇಬಲ್! ನಿಮ್ಮ ಕೇಬಲ್ ಹೀಟರಿನ ತಂತಿಯಾಗಿ ಕೆಲಸ ಮಾಡಿದೆ ಮಾರಾಯರೇ. ಬೆಂಕಿ ಹತ್ತದೆ ಉಳಿದದ್ದೇ ದೊಡ್ಡದು. ಪೆಟ್ರೋಲ್ ಗಾಡಿ.

ಕೋಣಂದೂರು ಓಮ್ನಿ

ಈ ಕೊನೆಯ ಸಾಲನ್ನು ಅಮ್ಮನಿಗೆ ಓದಿ ಹೇಳಿಲ್ಲ.

ಆದರೆ ಚಾರ್ಜ್ ದೀಪ ಯಾಕೆ ಸುಮ್ಮನಿತ್ತು? ಅದು ಇರುವುದೇ ಎಚ್ಚರಿಸಲು ಅಲ್ಲವೇ?

ವ್ಯಾನ್ ಅಕ್ಕ

ಆ ದೀಪವನ್ನು ನಂಬಿ ನಾನೂ ಒಮ್ಮೆ ಕೆಟ್ಟಿದ್ದೇನೆ. ಅದರ ಒಂದು ಕಾಲು ಬ್ಯಾಟರಿಯ ಪ್ಲಸ್ ಕಡೆ, ಇನ್ನೊಂದು ಕಾಲು ಡೈನಮೋ ಕಡೆ. ಎರಡೂ ಕಡೆ ಸಮವಾದರೆ ಆರುತ್ತದೆ. ಪ್ಲಸ್ ಕಡೆ ನಿನಗೆ 0.1 ಮಾತ್ರ ವ್ಯತ್ಯಾಸ, ಹಾಗಾಗಿ ಅದು ಆರಾಮವಾಗಿ ಕಣ್ಣು ಮುಚ್ಚಿತು. ಮೈನಸ್ ಕಡೆ ಮನೆ ಮುಳುಗಿದರೂ ಅದಕ್ಕೆ ಕಾಣಿಸುವುದಿಲ್ಲ.

ನಾಳೆ ಬೆಳಿಗ್ಗೆ ಹೀಗೆ ಮಾಡು. ಕಲ್ಲು ತೆಗೆಯಬೇಡ. ಜಂಪರ್ ವೈರಿನ ಒಂದೇ ಒಂದು ಎಳೆ ತೆಗೆದುಕೊಂಡು ಬ್ಯಾಟರಿಯ ಮೈನಸ್ಸಿನಿಂದ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸು. ಜೀಪು ಬೇಡ. ಕೀಲಿ ತಿರುಗಿಸು.

ಹುಲಿಕಲ್ ತಿರುವು

ಓಮ್ನಿ ಯಾರಾದರೂ ಮಾರುವವರಿದ್ದೀರಾ? 2019ರಲ್ಲಿ ತಯಾರಿಕೆ ನಿಂತ ಮೇಲೆ ಒಳ್ಳೆಯದು ಸಿಗುವುದೇ ಕಷ್ಟವಾಗಿದೆ.

ಗಾಜನೂರು ಗೇರ್

ಈ ಚರ್ಚೆ ಓದಿದ ಮೇಲೂ ಓಮ್ನಿ ಬೇಕೇ?

ಹುಲಿಕಲ್ ತಿರುವು

ಈ ಚರ್ಚೆ ಓದಿದ ಮೇಲೆಯೇ ಬೇಕು. 200 ರೂಪಾಯಿಯ ಪಟ್ಟಿಯಿಂದ ರಿಪೇರಿಯಾಗುವ ಬೇರೆ ಗಾಡಿ ತೋರಿಸಿ.

ಕೋಣಂದೂರು ಓಮ್ನಿ (ಮಂಗಳವಾರ, ಬೆಳಿಗ್ಗೆ 7:20)

ಒಂದೇ ಏಟಿಗೆ ಶುರು! 12.1 ವೋಲ್ಟಿನ ಅದೇ ಬ್ಯಾಟರಿ, ಪುನರ್ವಸು ಮಳೆಯ ಅದೇ ಥಂಡಿ, ಒಂದು ತುಂಡು ವೈರು. ಸದ್ದು ಕೇಳಿ ಅಮ್ಮ ಒಳಗಿನಿಂದ ‘ಯಾರು ಬಂದರು?’ ಎಂದು ಕೇಳಿದರು. ನಮ್ಮ ಗಾಡಿ ಬೆಳಿಗ್ಗೆ ಹೀಗೆ ಸದ್ದು ಮಾಡಿದ್ದನ್ನು ಮರೆತೇಬಿಟ್ಟಿದ್ದರು.

ಪರೀಕ್ಷೆಗೆಂದು ವೈರು ತೆಗೆದು ಮತ್ತೆ ಕೀಲಿ ತಿರುಗಿಸಿ, ಎಂಜಿನ್ ಮೈಯಿಂದ ಬ್ಯಾಟರಿ ಮೈನಸ್ಸಿಗೆ ಅಳೆದೆ. ‘ಟಕ್’ ಎನ್ನುವಾಗ 7 ವೋಲ್ಟಿಗೆ ಹಾರಿತು. ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಶಕ್ತಿ ಆ ಹಾಳು ಪಟ್ಟಿಯಲ್ಲೇ ಕರಗುತ್ತಿತ್ತು.

ಸಂಜೆ ಕೆಳಗೆ ನುಗ್ಗಿ ಪಟ್ಟಿ ಹುಡುಕುತ್ತೇನೆ.

ಕೋಣಂದೂರು ಓಮ್ನಿ (ಮಂಗಳವಾರ, ರಾತ್ರಿ 8:30)

ಪಟ್ಟಿ ಸಿಕ್ಕಿತು. ಇದನ್ನು ಓದಿ ಯಾರಾದರೂ ವಿವರಿಸಿ.

ಗೇರ್‌ಬಾಕ್ಸ್ ಕಡೆಯ ತುದಿ ಪರವಾಗಿಲ್ಲ. ಬಾಡಿಗೆ ಬಿಗಿದ ತುದಿಯಲ್ಲಿ ಬೋಲ್ಟಿನ ಸುತ್ತ ಕಡುಹಸಿರು ನೀಲಿ ಹಿಟ್ಟು, ಅಚ್ಚು ಬೆಲ್ಲದ ಹಾಗೆ ಗಟ್ಟಿಯಾಗಿದೆ. ಪಟ್ಟಿಯ ಎಳೆಗಳಲ್ಲಿ ಮುಕ್ಕಾಲು ಪಾಲು ಪುಡಿ. ಉಗುರಿನಿಂದ ಕೆರೆದರೆ ಬೋಲ್ಟಿನ ತಲೆ ಮಾತ್ರ ಕೆಂಪಗೆ ಮಿಂಚುತ್ತದೆ, ತಾಮ್ರದ ಚೊಂಬಿನ ಬಣ್ಣ. ಕಬ್ಬಿಣದ ಬೋಲ್ಟಿಗೆ ತಾಮ್ರದ ಬಣ್ಣ ಎಲ್ಲಿಂದ ಬಂತು? ಬ್ಯಾಟರಿಯ ಆ್ಯಸಿಡ್ ಸೋರಿದೆಯೇ? ಆದರೆ ಬ್ಯಾಟರಿ ಆ ಕಡೆ ಇಲ್ಲವೇ ಇಲ್ಲ.

ಬ್ಯಾಟರಿ ಅಂಗಡಿ

ಆ್ಯಸಿಡ್ ಆಗಿದ್ದರೆ ಬ್ಯಾಟರಿಯ ಕಂಬದ ಬಳಿಯೇ ಬೂಷ್ಟಿನಂತೆ ಬೆಳೆಯುತ್ತಿತ್ತು. ಈ ಸಲವೂ ಆರೋಪಿ ನಾನಲ್ಲ.

ಚೊಗರು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಗಾಡಿಯ ವಿಷಯ ನನಗೆ ಅಷ್ಟು ತಿಳಿಯದು. ಈಗ ತಿಳಿದ ವಿಷಯಕ್ಕೆ ಬಂದಿರಿ.

ಕೋಣಂದೂರಿನವರೇ, ತೋಟ ಇರುವವರು ನೀವು, ನಿಮಗೇ ಹೊಳೆಯಬೇಕಿತ್ತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವಾಗ ಹದ ನೋಡುವುದು ಹೇಗೆ? 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಕಲಸಿದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತೇವೆ. ಅಲಗು ಕೆಂಪಾದರೆ ಮೈಲುತುತ್ತ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದು ಅರ್ಥ. ನಿಮ್ಮ ಬೋಲ್ಟಿನ ತಲೆ ಆ ಕತ್ತಿಯ ಅಲಗು! ಮೈಲುತುತ್ತ ಕರಗಿಸಲು ಕಬ್ಬಿಣದ ಪಾತ್ರೆ ಬಳಸಬಾರದು ಎಂದು ನಮ್ಮ ಅಜ್ಜ ಗದರುತ್ತಿದ್ದದ್ದು ಇದಕ್ಕೇ. ಅದು ಕಬ್ಬಿಣವನ್ನು ತಿಂದು ತಾಮ್ರವನ್ನು ಬಿಟ್ಟುಹೋಗುತ್ತದೆ.

ಗಾಡಿಯಲ್ಲಿ ಮೈಲುತುತ್ತದ ಚೀಲ ಸಾಗಿಸಿದ್ದು ಯಾರು?

ಕೋಣಂದೂರು ಓಮ್ನಿ

ಚಿಕ್ಕಪ್ಪ.

ಕೋಣಂದೂರು ಓಮ್ನಿ

ಕ್ಷಮಿಸಿ, ವಿಚಾರಣೆ ಮುಗಿಸಿ ಬಂದೆ. ಕಳೆದ ವರ್ಷ ಮೇ ಕೊನೆಯಲ್ಲಿ ಮೊದಲ ಔಷಧಿ ಹೊಡೆಯುವಾಗ ತೋಟದ ತಲೆಯವರೆಗೆ ಚೀಲ ಒಯ್ದಿದ್ದರು. ‘ಕರಗಿಸಿದ ಬಕೆಟ್ ಒಂದು ಸ್ವಲ್ಪ ತುಳುಕಿರಬಹುದು’ ಎನ್ನುತ್ತಿದ್ದಾರೆ. ಮ್ಯಾಟ್ ಎತ್ತಿ ನೋಡಿದೆ. ಮಧ್ಯದ ಸೀಟಿನ ಕೆಳಗೆ ತಗಡು ನವಿಲಿನ ಬಣ್ಣಕ್ಕೆ ತಿರುಗಿದೆ, ರಬ್ಬರ್ ಬಿರಡೆ ಇರಬೇಕಾದ ತೂತು ಬಾಯಿ ತೆರೆದಿದೆ, ಅದರ ನೇರ ಕೆಳಗೆ ಈ ಬೋಲ್ಟು. ಸ್ವಲ್ಪವಂತೆ! ತೊಂದರೆ ಶುರುವಾದದ್ದೂ ಆಗಲೇ.

ನಿವೃತ್ತ ಮೇಷ್ಟರು

ಸ್ಥಾನಪಲ್ಲಟ ಕ್ರಿಯೆ. ತಾಮ್ರಕ್ಕಿಂತ ಕಬ್ಬಿಣ ಹೆಚ್ಚು ಕ್ರಿಯಾಶೀಲ, ಆದ್ದರಿಂದ ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಹೊರಗೆ ಕೂರುತ್ತದೆ. ಹತ್ತನೇ ತರಗತಿಯ ಪ್ರಯೋಗ. ನೀಲಿ ದ್ರಾವಣದಲ್ಲಿ ಮೊಳೆ ಹಾಕಿ ತೋರಿಸುತ್ತಿದ್ದೆ. ಓಮ್ನಿ ಹಾಕಿ ತೋರಿಸಿದ್ದನ್ನು ಇದೇ ಮೊದಲು ಕಂಡೆ.

ಹಳೇ ಮೆಟಡೋರ್

ಮೇಷ್ಟರಿಗೆ ಎರಡನೇ ಸಲ ಪೂರ್ತಿ ಅಂಕ. ಚೊಗರು ಅವರಿಗೆ ಅದಕ್ಕಿಂತ ಒಂದು ಹೆಚ್ಚು.

ಸಾಗರದ ಸ್ಪ್ಯಾನರ್

ಹಳೇ ಪಟ್ಟಿ ಎಸೆಯಿರಿ. ವೆಲ್ಡಿಂಗ್ ಕೇಬಲ್ ಒಂದು ಮೊಳ ತೆಗೆದುಕೊಳ್ಳಿ, 25 ಚದರ ಮಿಲಿಮೀಟರಿನದು. ಎರಡು ತುದಿಗೂ ತಾಮ್ರದ ಲಗ್ ಹಾಕಿ ಒತ್ತುಯಂತ್ರದಲ್ಲೇ ಒತ್ತಿಸಿ, ಸುತ್ತಿಗೆಯಲ್ಲಿ ಬಡಿದದ್ದು ನಿಲ್ಲುವುದಿಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಹತ್ತು ನಿಮಿಷದ ಕೆಲಸ. ಬಾಡಿಯ ಆ ಜಾಗವನ್ನು ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದು, ಒಣಗಿಸಿ, ಎಮರಿ ಹಾಳೆಯಲ್ಲಿ ಬೆಳ್ಳಿಯಂತೆ ಹೊಳೆಯುವವರೆಗೆ ತಿಕ್ಕಿ. ತಗಡು ತೆಳುವಾಗಿದ್ದರೆ ಆ ಜಾಗ ಬಿಡಿ, ಚಾಸಿಯ ಗಟ್ಟಿ ಭಾಗದಲ್ಲಿ ಬೇರೆ ಬೋಲ್ಟು ಹಿಡಿಯಿರಿ. ಹಲ್ಲಿನ ವಾಷರ್, ಹೊಸ ಬೋಲ್ಟು. ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ.

ಗಾಜನೂರು ಗೇರ್

ಗ್ರೀಸ್ ಬಿಗಿಯುವ ಮೊದಲೇ ಬಳಿಯಬೇಕು ಎನ್ನುತ್ತಾರಲ್ಲ?

ಸಾಗರದ ಸ್ಪ್ಯಾನರ್

ಎರಡೂ ಪಂಥದವರಿದ್ದಾರೆ. ನಾನು ಲೋಹ ಲೋಹ ಮುಟ್ಟಲಿ, ಆಮೇಲೆ ಮೇಲೆ ಹೊದಿಕೆ ಎನ್ನುವ ಪಂಥ. ಇದರ ಮೇಲೆ ಇನ್ನೊಂದು ಜಗಳ ಬೇಡ.

ಕೋಣಂದೂರು ಓಮ್ನಿ (ಶುಕ್ರವಾರ, ಸಂಜೆ 6:50)

ಕೆಲಸ ಮುಗಿಯಿತು. ಕೇಬಲ್, ಲಗ್, ಬೋಲ್ಟು ಎಲ್ಲ ಸೇರಿ 180 ರೂಪಾಯಿ. ಮೂರನೇ ಆಕ್ಸಿಲರೇಟರ್ ಕೇಬಲ್ ಬೇರೆ.

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.2. ಹೆಡ್‌ಲೈಟು, ವೈಪರ್ ಹಾಕಿದರೆ 13.9. ಡೈನಮೋ ಮೈಯಿಂದ ಮೈನಸ್ಸಿಗೆ 0.05. ವೈಪರ್ ಈಗ ಹರೆಯದ ಹುಡುಗನಂತೆ ಓಡುತ್ತದೆ, ನಿಧಾನ ಮಾಡಬೇಕು ಎನಿಸುವಷ್ಟು.

ಬ್ಯಾಟರಿಯನ್ನು ಬಿಚ್ಚಿ 3 ಆಂಪಿಯರಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿಸಿದೆ. ಆ್ಯಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಐದು ಮನೆಗಳಲ್ಲಿ 1.250, ಒಂದರಲ್ಲಿ 1.220. ಬ್ಯಾಟರಿ ಅಂಗಡಿಯವರೇ, ಇದು ಬದುಕುತ್ತದೆಯೇ?

ಬ್ಯಾಟರಿ ಅಂಗಡಿ

1.250 ಪರವಾಗಿಲ್ಲ, ತುಂಬಿದಾಗ 1.260 ದಾಟಬೇಕಿತ್ತು. ಆ ಒಂದು ಮನೆ ಸ್ವಲ್ಪ ಹಿಂದಿದೆ. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ತಿಂಗಳು ಓಡಿಸಿ ಮತ್ತೆ ಅಳೆಯಿರಿ. ವ್ಯತ್ಯಾಸ 0.050 ಆದರೆ ಆಸೆ ಬಿಡಿ. ಇಲ್ಲದಿದ್ದರೆ ಇನ್ನೆರಡು ಮಳೆಗಾಲ ಓಡಬಹುದು. ವ್ಯಾಪಾರ ಬಿಟ್ಟು ಹೇಳಿದ ಮಾತು ಇದು.

ವ್ಯಾನ್ ಅಕ್ಕ

ಸಂತೋಷವಾಯಿತು ತಮ್ಮಾ. ಆ ರಬ್ಬರ್ ಬಿರಡೆ ಹಾಕಿಸಿದೆಯೋ ಇಲ್ಲವೋ?

ಕೋಣಂದೂರು ಓಮ್ನಿ

ಹಾಕಿಸಿದೆ ಅಕ್ಕ. ಮುಂದಿನ ವಾರ ಮಳೆ ಬಿಡುವು ಕೊಟ್ಟರೆ ಎರಡನೇ ಔಷಧಿ ಹೊಡೆಯಬೇಕು. ‘ಗಾಡಿ ಸರಿಯಾಯಿತಲ್ಲ, ಚೀಲ ತರಲು ಕೊಡು’ ಎಂದು ಚಿಕ್ಕಪ್ಪ ಈಗಾಗಲೇ ಕೇಳಿಯಾಗಿದೆ. ಕೈಗಾಡಿ ತೋರಿಸಿದ್ದೇನೆ.

ಹುಲಿಕಲ್ ತಿರುವು

ನನಗೆ ನಗರದ ಹತ್ತಿರ ಒಂದು ಓಮ್ನಿ ಸಿಕ್ಕಿತು. 2009ರದು. ಕೊಂಡು ಎರಡು ದಿನ ಆಯಿತು. ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ! ಮಳೆ ಸುರಿಯುತ್ತಿದೆ, ಆದರೂ ಟಾರ್ಚ್ ಹಿಡಿದು ಹೊರಟೆ.

ಹುಲಿಕಲ್ ತಿರುವು

ನೋಡಿ ಬಂದೆ. ಅರ್ತ್ ಪಟ್ಟಿ ಗಟ್ಟಿಯಾಗಿದೆ. ಕೇಬಲ್‌ಗೆ ತುಕ್ಕು, ಅಷ್ಟೇ. ಬನಿಯನ್ ವರೆಗೆ ನೆನೆದದ್ದು ಲಾಭ.